ಆಟ ಬರೆಯಲು ಹೊರಟ ಗೆಳೆಯನಿಗೆ

ಉಡುಪಿ

ಪ್ರಿಯ ಗೆಳೆಯಾ,

ಊರಿನ ಮಾಸಪತ್ರಿಕೆಗೆ ಆಟ, ತಾಳಮದ್ದಳೆ, ಭಜನೆ, ಯುವಕ ಮಂಡಲದ ಸುದ್ದಿಯನ್ನೆಲ್ಲ ಸಂಬಳವಿಲ್ಲದೆ ಬರೆದುಕೊಡಲು ಒಪ್ಪಿಕೊಂಡಿದ್ದೇನೆ, ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದ್ದೀ. ತುಂಬಾ ಖುಷಿಯಾಯಿತು ಮಾರಾಯ. ಬೇರೆಲ್ಲ ಬಿಟ್ಟು ಆಟದಿಂದ, ಅಂದರೆ ಯಕ್ಷಗಾನದಿಂದಲೇ ಶುರು ಮಾಡು. ಒಂದು ರಾತ್ರಿಯ ಆಟವನ್ನು ಸರಿಯಾಗಿ ಬರೆಯಲು ಬಂದವನಿಗೆ ಉಳಿದದ್ದು ಕಷ್ಟವಲ್ಲ.

ಯಾವುದಾದರೂ ಹರಕೆ ಆಟದ ವರದಿ ತೆಗೆದು ನೋಡು. ದೀಪ ಬೆಳಗಿದವರು, ಅಧ್ಯಕ್ಷತೆ ವಹಿಸಿದವರು, ಸ್ವಾಗತಿಸಿದವರು, ವಂದಿಸಿದವರು, ಶಾಲು ಹೊದೆಸಿಕೊಂಡವರು ಎಲ್ಲರೂ ಅದರಲ್ಲಿರುತ್ತಾರೆ. ಕೊನೆಗೆ ಒಂದೇ ಸಾಲು: ‘ಬಳಿಕ ಮೇಳದವರಿಂದ ಯಕ್ಷಗಾನ ಬಯಲಾಟ ಜರುಗಿತು.’ ಅಂದು ಮದ್ದಳೆಗೆ ಕುಳಿತವರು ಯಾರು, ಮಹಿಷಾಸುರ ಯಾರದು, ಯಾವ ಪದಕ್ಕೆ (ಹಾಡಿಗೆ) ಜನ ಎದ್ದು ನಿಂತರು, ಇವೆಲ್ಲ ಬೆಳಗಾಗುವಷ್ಟರಲ್ಲಿ ಗಾಳಿಗೆ ಹೋಗುತ್ತವೆ. 20 ವರ್ಷ ಕಳೆದ ಮೇಲೆ ಆ ಕಲಾವಿದರ ಮಗಳು ಅಪ್ಪನ ಬಗ್ಗೆ ಹುಡುಕಿದರೆ ಸಿಗುವುದು ವಂದನಾರ್ಪಣೆ ಮಾಡಿದವರ ಹೆಸರು ಮಾತ್ರ. ನೀನು ಮಾಡಬೇಕಾದ್ದು ಆ ಕೊನೆಯ ಸಾಲನ್ನು ಬಿಡಿಸಿ ಬರೆಯುವ ಕೆಲಸ.

ಮೊದಲು ಸಂಪಾದಕರ ಹತ್ತಿರ ಕೂತು ಕೆಲವು ಮಾತು ಖಚಿತ ಮಾಡಿಕೊ. ತಿಂಗಳಿಗೆ ಎಷ್ಟು ಬರಹ (ಎರಡಕ್ಕಿಂತ ಹೆಚ್ಚಿಗೆ ಒಪ್ಪಬೇಡ, ನಿದ್ದೆಗೆಟ್ಟು ಬರೆಯುವ ಕೆಲಸ ಇದು), ಎಷ್ಟು ಶಬ್ದ, ಪೆಟ್ರೋಲಿನ ಖರ್ಚು ಯಾರದು, ತಿದ್ದಿದ ಪ್ರತಿಯನ್ನು ಅಚ್ಚಿಗೆ ಮೊದಲು ನಿನಗೆ ತೋರಿಸುತ್ತಾರೋ ಇಲ್ಲವೋ. ಉಚಿತವಾಗಿ ಬರೆಯುತ್ತೇನೆ ಎಂದವನ ಹತ್ತಿರ ಇದನ್ನೆಲ್ಲ ಯಾರೂ ತಾವಾಗಿ ಹೇಳುವುದಿಲ್ಲ. ನೀನೇ ಕೇಳಬೇಕು. ಪುಟ ತುಂಬಿತು ಅಂತ ಕೊನೆಗಳಿಗೆಯಲ್ಲಿ ಕತ್ತರಿ ಬಿದ್ದಾಗ ಮೊದಲು ಹೋಗುವುದು ಹಾಡುವ, ಬಾರಿಸುವ ಹಿಮ್ಮೇಳದವರ ಹೆಸರೇ. ‘ಕಲಾವಿದರ ಹೆಸರು ತೆಗೆಯುವಂತಿಲ್ಲ, ಬೇಕಾದರೆ ನನ್ನ ವರ್ಣನೆ ತೆಗೆಯಿರಿ’ ಎಂದು ಮೊದಲೇ ಹೇಳಿಟ್ಟಿರು.

ಆಟದ ದಿನ ಕರಪತ್ರ ನೋಡಿ ಹೊರಡುತ್ತೀಯಲ್ಲ, ಅದನ್ನು ದಾರಿ ಕೇಳುವುದಕ್ಕೆ ಮಾತ್ರ ನಂಬು. ‘ಕಟೀಲು ಮೇಳ’ ಎಂದು ಬರೆದರೆ ಸಾಲದು, ಕಟೀಲಿನದು ಒಂದೇ ಮೇಳವಲ್ಲ. ಎಷ್ಟನೇ ಮೇಳ ಎನ್ನುವುದು ಬೇಕು, ಪ್ರತಿಯೊಂದರಲ್ಲೂ ಪದ ಹೇಳುವ ಭಾಗವತರು, ವೇಷಧಾರಿಗಳು ಬೇರೆ ಬೇರೆ. ಮಂದಾರ್ತಿಯದ್ದೂ ಹಾಗೆಯೇ. ಪ್ರಸಂಗ (ಆಡುವ ಕಥೆ) ಅದೇ ಇದ್ದರೂ ಯಾರಿಗೆ ಯಾವ ವೇಷ ಎನ್ನುವುದು ಅಂದಂದಿಗೆ ಬದಲಾಗಬಹುದು. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಕಟ್ಟುತ್ತಾರೆ. ಕರಪತ್ರ ಅಥವಾ ಹಿಂದಿನ ವಾರದ ಆಟ ನೋಡಿ ಬರೆದವರು ಎಡವುವುದು ಇಲ್ಲಿಯೇ.

ವೇಷ ಕಟ್ಟುವ ಚೌಕಿಯಲ್ಲಿ ಪೂಜೆಯ ಹೊತ್ತಿಗೆ ಇರು. ಚಪ್ಪಲಿ ಹೊರಗೆ ಬಿಡು, ಗಣಪತಿ ಕೂತ ಜಾಗ ಅದು. ಕಲಾವಿದರ ಹತ್ತಿರ ಮಾತಾಡುವುದಿದ್ದರೆ ಬಣ್ಣಕ್ಕೆ ಕೂರುವ ಮೊದಲು, ಇಲ್ಲದಿದ್ದರೆ ವೇಷ ಕಳಚಿದ ಮೇಲೆ. ನಡುವೆ ಬೇಡ. ರಾಕ್ಷಸ ಪಾತ್ರದ ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಸಾಲುಸಾಲಾಗಿ ಮುಳ್ಳಿನಂತೆ ಚುಟ್ಟಿ ಇಡುತ್ತಾರಲ್ಲ, ಆಗ ಮಾತಾಡಿಸಿದರೆ ಕೆನ್ನೆ ಅಲ್ಲಾಡಿ ಇಟ್ಟ ಸಾಲು ಬಿರಿಯುತ್ತದೆ. ಕಿರೀಟ ಬಿಗಿದ ಮೇಲಂತೂ ಯಾರನ್ನೂ ತಡೆದು ನಿಲ್ಲಿಸಬೇಡ. ಆ ಬಿಗಿತದಲ್ಲಿ ತಲೆ ಸಿಡಿಯುತ್ತಿರುತ್ತದೆ, ಮನಸ್ಸು ಆಗಲೇ ರಂಗಸ್ಥಳದಲ್ಲಿರುತ್ತದೆ.

ಹೆಸರು ಬರೆದುಕೊಳ್ಳುವುದಕ್ಕೆ ಅರ್ಧ ಗಂಟೆಯನ್ನೇ ತೆಗೆದಿಡು. ನಮ್ಮ ಕಲಾವಿದರನ್ನು ಗುರುತಿಸುವುದು ಊರಿನ ಹೆಸರಿನಿಂದ. ಕೆರೆಮನೆ ಶಂಭು ಹೆಗಡೆ, ಚಿಟ್ಟಾಣಿ ರಾಮಚಂದ್ರ ಹೆಗಡೆ ಎನ್ನುವಾಗ ‘ಕೆರೆಮನೆ’, ‘ಚಿಟ್ಟಾಣಿ’ ತೆಗೆದರೆ ಉಳಿಯುವುದು ಯಾರಾದರೂ ಆಗಬಹುದಾದ ಹೆಸರು. ಬರೆದದ್ದನ್ನು ಅವರಿಗೇ ತೋರಿಸಿ ಓದಿಸು. ಒಂದು ಕಡೆ ವಿಶೇಷ ಎಚ್ಚರ ಬೇಕು: ಉತ್ತರ ಕನ್ನಡದ ‘ಹೆಗಡೆ’ ಬೇರೆ, ನಮ್ಮ ಕಡೆಯ ‘ಹೆಗ್ಡೆ’ ಬೇರೆ. ಒಂದು ಒತ್ತಕ್ಷರ ಆಚೀಚೆಯಾದರೆ ಮನುಷ್ಯನ ಊರು, ಸಮುದಾಯ ಎರಡೂ ಬದಲಾಗುತ್ತವೆ. ಶೆಟ್ಟಿ, ಸೆಟ್ಟಿಯದ್ದೂ ಅದೇ ಕಥೆ.

ಹಿಮ್ಮೇಳವನ್ನು ಮೊದಲು ಬರೆ. ಭಾಗವತರು ಒಬ್ಬರೇ ಎಂದುಕೊಳ್ಳಬೇಡ. ಪ್ರಸಂಗಕ್ಕೆ ಮೊದಲು ಬರುವ ಪೂರ್ವರಂಗಕ್ಕೆ ಸಂಗೀತಗಾರರೆಂದು ಕರೆಯುವ ಹಾಡುಗಾರರು, ಪ್ರಸಂಗದ ಮೊದಲ ಭಾಗಕ್ಕೆ ಇನ್ನೊಬ್ಬರು, ಆಟ ಕಾವೇರುವ ಹೊತ್ತಿಗೆ ಮುಖ್ಯ ಭಾಗವತರು ಜಾಗಟೆ ಹಿಡಿಯುತ್ತಾರೆ. ಮದ್ದಳೆ, ಚೆಂಡೆಯವರೂ ನಡುವೆ ಬದಲಾಗುತ್ತಾರೆ. ಯಾರು ಎಷ್ಟು ಗಂಟೆಗೆ ಕೂತರು ಎಂದು ಪುಸ್ತಕದ ಅಂಚಿನಲ್ಲಿ ಗುರುತು ಹಾಕುತ್ತಾ ಹೋಗು. ಚಕ್ರತಾಳದವರನ್ನು ಬಿಡಬೇಡ. ರಂಗಸ್ಥಳ ಕಟ್ಟಿದವರು, ಪೆಟ್ಟಿಗೆ ಹೊತ್ತು ವೇಷ ಬಿಗಿದ ನೇಪಥ್ಯದವರ ಹೆಸರೂ ಇರಲಿ. ದಿನಕ್ಕೊಂದು ಊರಿನಲ್ಲಿ ರಂಗಸ್ಥಳ ಎಬ್ಬಿಸಿ, ಅದೇ ರಾತ್ರಿ ಬಿಚ್ಚಿ ಲಾರಿಗೆ ಹಾಕುವ ಇವರ ಹೆಸರು ಅಚ್ಚಾದದ್ದನ್ನು ನೋಡಿದವರು ಕಡಿಮೆ.

ಬಯಲಿನಲ್ಲಿ ಬರೆಯಲು ಬಾಲ್ ಪೆನ್ನು ಬೇಡ, ಪೆನ್ಸಿಲ್ ಇಟ್ಟುಕೊ. ಡಿಸೆಂಬರ್, ಜನವರಿಯಲ್ಲಿ ಮಧ್ಯರಾತ್ರಿ ಕಳೆದರೆ ಇಬ್ಬನಿಗೆ ಕಾಗದ ತೇವವಾಗಿ ಪೆನ್ನು ಜಾರುತ್ತದೆ. ಮೊಬೈಲಿನಲ್ಲಿ ಟೈಪ್ ಮಾಡುತ್ತಾ ಕೂತರೆ ಹಿಂದಿನವರ ಕಣ್ಣಿಗೆ ಬೆಳಕು ಹೊಡೆಯುತ್ತದೆ, ಜತೆಗೆ ನೀನು ಆಟವನ್ನೇ ನೋಡುವುದಿಲ್ಲ. ಧ್ವನಿ ಮುದ್ರಿಸುವುದಿದ್ದರೆ ಭಾಗವತರ ಒಪ್ಪಿಗೆ ಕೇಳಿ, ಚೆಂಡೆ ಯಾವ ಬದಿಗೆ ನಿಂತಿದೆಯೋ ಅದರ ಎದುರು ಬದಿಯಲ್ಲಿ ಕೂತುಕೊ. ಚೆಂಡೆಯ ಹತ್ತಿರ ಇಟ್ಟ ಮೊಬೈಲಿನಲ್ಲಿ ಸ್ವರ ಒಡೆದು ಪದ ಪೂರ್ತಿ ಮುಳುಗಿಹೋಗುತ್ತದೆ.

ಫೋಟೊಕ್ಕೆ ಫ್ಲಾಷ್ ಬೇಡವೇ ಬೇಡ. ಬಿಳಿ, ಹಳದಿಯ ಅರದಾಳ, ಕೆಂಪಿನ ಇಂಗಳೀಕದ ಬಣ್ಣವೆಲ್ಲ ಫ್ಲಾಷಿಗೆ ಚಪ್ಪಟೆಯಾಗಿ ಮುಖ ಸುಣ್ಣದ ಗೋಡೆಯಂತೆ ಕಾಣುತ್ತದೆ. ದಿಗಿಣ ಹಾಕುವವರ (ಹಾರಿ ಸುತ್ತುವವರ) ಕಣ್ಣಿಗೆ ಹೊಡೆದರೆ ಕಾಲು ತಪ್ಪುವ ಅಪಾಯವೂ ಇದೆ. ಎಲ್‌ಇಡಿ ದೀಪದಡಿ ಚಿತ್ರದಲ್ಲಿ ಅಡ್ಡಡ್ಡ ಪಟ್ಟಿ ಬೀಳುವುದು ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುವುದರಿಂದ. ಷಟರ್ 1/100ಕ್ಕೆ ಇಟ್ಟರೆ ಹೆಚ್ಚಿನ ಕಡೆ ಪಟ್ಟಿ ಹೋಗುತ್ತದೆ. ಆದರೆ ಆ ವೇಗಕ್ಕೆ ಕುಣಿತ ಮಸುಕಾಗುತ್ತದೆ. ಹಾಗಾಗಿ ಕುಣಿತದ ನಡುವೆ ಕ್ಲಿಕ್ಕಿಸುತ್ತಾ ಹೋಗದೆ ಮುಕ್ತಾಯ ಕೊಟ್ಟು ನಿಲ್ಲುವ ಗಳಿಗೆಗೆ ಕಾದಿರು. ಪದ ಗೊತ್ತಿದ್ದವನಿಗೆ ಆ ಗಳಿಗೆ ಮೊದಲೇ ಗೊತ್ತಾಗುತ್ತದೆ. ಒಂದು ಚಿತ್ರ ವೇಷದ್ದು, ಒಂದು ಹಿಮ್ಮೇಳದ್ದು, ಒಂದು ಜನರದ್ದು ಸಿಕ್ಕಿದರೆ ಸಾಕು. ಮಕ್ಕಳ ಮೇಳವಾದರೆ ತಂದೆ ತಾಯಿಯನ್ನು ಕೇಳದೆ ಫೋಟೊ ಹಾಕಬೇಡ.

‘ಕಿಕ್ಕಿರಿದ ಜನಸ್ತೋಮ’ ಎಂದು ಬರೆಯುವ ಬದಲು ಶಾಮಿಯಾನದವರ ಹತ್ತಿರ ಎಷ್ಟು ಕುರ್ಚಿ ಇಳಿಸಿದಿರಿ ಎಂದು ಕೇಳು. ಸಾಲು ಎಣಿಸು, ನಿಂತವರನ್ನು ಅಂದಾಜು ಮಾಡು. ಊಟವಾಗಿ ಅರ್ಧ ಗಂಟೆ ಕಳೆದ ಮೇಲೆ ಒಮ್ಮೆ, ಮಂಗಳಕ್ಕೆ ಮೊದಲು ಇನ್ನೊಮ್ಮೆ ಎಣಿಸು. ಜನ ಎಲ್ಲಿವರೆಗೆ ಕೂತರು, ಯಾವಾಗ ಎದ್ದರು ಎನ್ನುವುದು ಆ ಎರಡು ಲೆಕ್ಕದಲ್ಲಿ ಸಿಗುತ್ತದೆ.

ಈಗ ಆಟ. ಶ್ರೀದೇವಿ ಮಹಾತ್ಮೆಯನ್ನೇ ತೆಗೆದುಕೊಳ್ಳುವ, ನಿನ್ನ ಕಡೆ ಹೆಚ್ಚು ಆಗುವ ಹರಕೆ ಪ್ರಸಂಗ ಅದು. ಕಥೆ ಎಲ್ಲರಿಗೂ ಗೊತ್ತು, ಕಥೆಯನ್ನು ಪುನಃ ಬರೆಯಬೇಡ. ಅಂದು ಆ ಕಥೆ ಹೇಗೆ ನಡೆಯಿತು ಎನ್ನುವುದನ್ನು ಬರೆ. ಮಹಿಷಾಸುರನ ಪ್ರವೇಶ ಬರೆಯುವ ಬಗೆ ಹೀಗಿರಬಹುದು:

‘ರಾತ್ರಿ 11-15ಕ್ಕೆ ಗದ್ದೆಯ ಆ ತುದಿಯಲ್ಲಿ ದೊಂದಿ ಕಂಡಿತು. ಮಕ್ಕಳು ಕುರ್ಚಿ ಹತ್ತಿ ನಿಂತರು. ರಾಳದ ಹುಡಿ ಎರಚಿದಾಗೆಲ್ಲ ಬೆಂಕಿ ಭಗ್ಗನೆದ್ದು ಕೋಡು, ಚುಟ್ಟಿ, ಕೆಂಪು ಕಣ್ಣು ಕ್ಷಣ ಕಂಡು ಮತ್ತೆ ಕತ್ತಲು. ಜನರ ನಡುವೆ ಮೂರು ಕಡೆ ನಿಂತು ಆರ್ಭಟಿಸಿದ ಮಹಿಷ ರಂಗಸ್ಥಳ ಸೇರಲು 18 ನಿಮಿಷ ತೆಗೆದುಕೊಂಡ. ಅಷ್ಟು ಹೊತ್ತೂ ಚೆಂಡೆ ನಿಲ್ಲಲಿಲ್ಲ. ಬಾರಿಸಿದವರು…’

ಇಲ್ಲಿ ಇಬ್ಬರ ಹೆಸರು ಬರಬೇಕು. ‘ಪ್ರೇಕ್ಷಕರ ಮನಸೂರೆಗೊಂಡಿತು’ ಎನ್ನುವ ಮಾತು ಇದರಲ್ಲಿಲ್ಲ, ಬೇಕಾಗುವುದೂ ಇಲ್ಲ. ದಿಗಿಣದ ಲೆಕ್ಕವನ್ನೇ ಹಿಡಿದು ಕೂರಬೇಡ. ಹತ್ತು ಹಾಕಿದರೋ ಮೂವತ್ತೋ ಎನ್ನುವುದಕ್ಕಿಂತ, ಕೊನೆಯ ಸುತ್ತು ಮುಗಿದಾಗ ಕಾಲು ತಾಳಕ್ಕೆ ಸರಿಯಾಗಿ ಬಿತ್ತೋ ಎನ್ನುವುದು ಮುಖ್ಯ. ರಕ್ತಬೀಜ ಬಂದಾಗ ಕುಣಿತಕ್ಕಿಂತ ಅರ್ಥವನ್ನು, ಅಂದರೆ ವೇಷಧಾರಿ ಆಡುವ ಮಾತನ್ನು ಕೇಳಿಸಿಕೊ, ಆ ಪಾತ್ರ ಗೆಲ್ಲುವುದು ಮಾತಿನಲ್ಲಿ.

ಪ್ರಸಂಗ ಪುಸ್ತಕವನ್ನು ಮೊದಲೇ ಓದಿಕೊಂಡು ಹೋಗು. ಪ್ರತಿ ಪದದ ಮೇಲೆ ರಾಗ, ತಾಳ ಅಚ್ಚಾಗಿರುತ್ತದೆ: ಸೌರಾಷ್ಟ್ರ ತ್ರಿವುಡೆ, ಕಾಂಭೋಜಿ ಝಂಪೆ ಎಂದು ಹೀಗೆ. ಹಾಗೆಂದು ಅದನ್ನೇ ವರದಿಗೆ ಇಳಿಸಬೇಡ. ಭಾಗವತರು ಎಷ್ಟೋ ಸಲ ಬೇರೆ ರಾಗದಲ್ಲಿ ಎತ್ತಿಕೊಳ್ಳುತ್ತಾರೆ. ಸಂಶಯವಿದ್ದರೆ ಮಂಗಳವಾದ ಮೇಲೆ ಅವರನ್ನೇ ಕೇಳು. ನಿಜವಾಗಿ ಕೇಳಿಸಿಕೊಂಡು ಬಂದ ಪ್ರಶ್ನೆಗೆ ಉತ್ತರಿಸದ ಭಾಗವತರಿಲ್ಲ. ಹೊಸ ಪ್ರಸಂಗ, ತುಳು ಪ್ರಸಂಗವಾದರೆ ಬರೆದ ಕವಿಯ ಹೆಸರನ್ನು ತಪ್ಪದೆ ಹಾಕು.

ಕಾಲಮಿತಿಯ ಬಗ್ಗೆ ಒಂದು ಮಾತು. ಶಬ್ದಮಾಲಿನ್ಯದ 2000ದ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಡಿವಾಣ ಹಾಕುತ್ತವೆ. ಬೆಳಗಿನವರೆಗೆ ಕೂರುವವರೂ ಕಡಿಮೆಯಾಗಿದ್ದಾರೆ. ಹೀಗೆ ಹಲವು ಮೇಳಗಳ ಆಟ ಸಂಜೆಗೆ ಶುರುವಾಗಿ ನಡುರಾತ್ರಿಯ ಹೊತ್ತಿಗೆ ಮುಗಿಯುತ್ತದೆ. ಇದು ಸರಿಯೋ ತಪ್ಪೋ ಎಂಬ ಚರ್ಚೆ ಬೇಕಾದಷ್ಟಾಗಿದೆ. ಯಾರೂ ಬರೆದಿಡದ್ದು ಏನೆಂದರೆ ಬಿಟ್ಟುಹೋದದ್ದು ಯಾವುದು ಎನ್ನುವುದು. ಪೂರ್ವರಂಗದ ಕೋಡಂಗಿ ಬಂದಿತೇ? ಬಾಲಗೋಪಾಲ, ಮುಖ್ಯ ಸ್ತ್ರೀವೇಷ ಎಷ್ಟು ನಿಮಿಷ ಕುಣಿದವು? ಯಾವ ಸನ್ನಿವೇಶ ದಾಟಿಸಿ ಹೋದರು, ಯಾವ ಪದ ಒಂದೇ ಸಾಲಿಗೆ ನಿಂತಿತು? ಪೂರ್ವರಂಗ ಎಳೆಯ ಕಲಾವಿದರು ಹೆಜ್ಜೆ ಕಲಿಯುವ ಜಾಗ. ಅದು ಮೊಟಕಾದರೆ ಅವರು ಎಲ್ಲಿ ಕಲಿಯಬೇಕು ಎನ್ನುವುದು ನನ್ನನ್ನು ನಿಜವಾಗಿ ಕಾಡುವ ಪ್ರಶ್ನೆ. ಮೇಳದ ಒಂದು ವರ್ಷದ ತಿರುಗಾಟದಲ್ಲಿ ನಾಲ್ಕು ಆಟಕ್ಕೆ ಇಂಥ ಟಿಪ್ಪಣಿ ಮಾಡಿಟ್ಟರೂ ಅದು ದಾಖಲೆಯಾಗುತ್ತದೆ.

ತಾಳಮದ್ದಳೆಯ ನಿಯಮ ಬೇರೆ. ವೇಷವಿಲ್ಲ, ಕುಣಿತವಿಲ್ಲ, ಇರುವುದು ಮಾತು ಮಾತ್ರ. ಅರ್ಥಧಾರಿಯ ವಾದದ ಸಾಲನ್ನು ಉದ್ಧರಿಸುವುದಾದರೆ ಶಬ್ದಶಃ ಬರೆ, ಜತೆಗೆ ಎದುರಾಳಿ ಕೊಟ್ಟ ಉತ್ತರವನ್ನೂ ಬರೆ. ಕೃಷ್ಣನ ಮಾತು ಹಾಕಿ ಕೌರವನದು ಬಿಟ್ಟರೆ ಅರ್ಧ ಸತ್ಯವಾಗುತ್ತದೆ. ಪಾತ್ರ ಆಡಿದ ಮಾತನ್ನು ಅರ್ಥಧಾರಿಯ ಸ್ವಂತ ಅಭಿಪ್ರಾಯವೆಂಬಂತೆ ತಲೆಬರಹ ಕೊಡುವುದು ದೊಡ್ಡ ಅನ್ಯಾಯ. ಇನ್ನು ದೈವಾರಾಧನೆಯ ಕೋಲ, ನೇಮಕ್ಕೆ ಹೋದರೆ ಪುಸ್ತಕವನ್ನು ಕಿಸೆಯಲ್ಲಿಡು. ದೈವದ ನುಡಿಯನ್ನು ಧ್ವನಿಮುದ್ರಿಸುವುದಕ್ಕೂ ಪ್ರಕಟಿಸುವುದಕ್ಕೂ ಅದನ್ನು ನಡೆಸುವ ಗುತ್ತಿನ ಮನೆಯವರನ್ನು, ದೈವ ಕಟ್ಟಿದವರನ್ನು ಮೊದಲೇ ಕೇಳಬೇಕು. ಎಷ್ಟೋ ಸಲ ಅದರಲ್ಲಿ ಒಂದು ಕುಟುಂಬದ ಜಗಳ ಇರುತ್ತದೆ, ಅದು ಪತ್ರಿಕೆಗೆ ಬರುವ ವಿಷಯವಲ್ಲ.

ಹರಕೆ ಆಟದಲ್ಲಿ ಸೇವಾಕರ್ತರು ಊಟಕ್ಕೆ ಕರೆಯುತ್ತಾರೆ. ಧಾರಾಳ ಉಣ್ಣು, ಊರಿಗೆಲ್ಲ ಬಡಿಸುವ ಅನ್ನ ಅದು. ಕವರ್ ಕೊಟ್ಟರೆ ಮಾತ್ರ ಕೈಮುಗಿದು ಬೇಡವೆನ್ನು. ಸಭೆಯ ಸುದ್ದಿಯನ್ನು ಪೂರ್ತಿ ಬಿಡಬೇಡ, ಅವರು ವರ್ಷಗಟ್ಟಲೆ ಕಾದು ಆಡಿಸಿದ ಆಟ. ಎರಡು ಸಾಲು ಅವರಿಗೆ ಸಲ್ಲಬೇಕು. ನಿನ್ನ ನೆಂಟರು ವೇಷ ಮಾಡಿದ ದಿನ ವರದಿಯನ್ನು ಬೇರೆಯವರಿಗೆ ಬಿಡು.

ಮನೆಗೆ ಬಂದು ಮಲಗುವ ಮೊದಲು ಹದಿನೈದು ನಿಮಿಷ ಕೂತು ಕಣ್ಣಿಗೆ ಕಟ್ಟಿದ ಮೂರು ವಿಷಯ ಬರೆದಿಡು. ಮಲಗಿ ಎದ್ದರೆ ಎರಡು ರಾತ್ರಿಯ ಆಟ ಕಲಸಿಹೋಗುತ್ತದೆ. ಮಧ್ಯಾಹ್ನ ಮೇಳದ ಮ್ಯಾನೇಜರಿಗೆ ಫೋನ್ ಮಾಡಿ ಹೆಸರಿನ ಪಟ್ಟಿಯನ್ನು ಒಮ್ಮೆ ಓದಿ ಹೇಳು. 400 ಶಬ್ದ ಸಾಕು, ಅದರಲ್ಲಿ ಸಭೆಗೆ 40. ತಪ್ಪು ಅಚ್ಚಾದರೆ ಮುಂದಿನ ಸಂಚಿಕೆಯಲ್ಲಿ ಅದೇ ಪುಟದಲ್ಲಿ ತಿದ್ದುಪಡಿ ಹಾಕಿಸು, ಆ ಪ್ರತಿಯನ್ನು ಕಲಾವಿದರ ಮನೆಗೆ ತಲುಪಿಸು.

ತುಳುವರ ಪತ್ತನಾಜೆಯ ದಿನ, ಮೇ 24ರ ಸುಮಾರಿಗೆ, ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಅದಕ್ಕೆ ಮೊದಲು ಒಂದು ಆಟವನ್ನಾದರೂ ಹೀಗೆ ಬರೆದು, ಅಚ್ಚಿಗೆ ಕೊಡುವ ಮೊದಲು ನನಗೊಂದು ಪ್ರತಿ ಕಳಿಸು. ಮದ್ದಳೆಯವರ ಹೆಸರು ಎಲ್ಲಿದೆ ಎಂದು ನಾನು ಮೊದಲು ಹುಡುಕುತ್ತೇನೆ.

ಇಂತಿ ನಿನ್ನ
ಗೆಳೆಯ