ಆಲ್ಬಮ್ ಬಿಚ್ಚಿ ಕುಳಿತ ಅತ್ತಿಗೆಗೆ, ಮತ್ತೆ ಉಳಿದವರಿಗೆ

ಮೈಸೂರಿನ ಕುಟುಂಬ ನ್ಯಾಯಾಲಯದಿಂದ ವಿಚ್ಛೇದನದ ಆದೇಶದ ಪ್ರತಿ ಕೈಸೇರಿದೆ. ಮನೆಮನೆಗೂ ಹೋಗಿ ತೀರಿಸಬೇಕಾದ ಋಣ ಬಹಳವಿದೆ. ಮೊದಲು ಇಲ್ಲಿ ಬರೆದುಬಿಡುತ್ತೇನೆ.

ಅತ್ತಿಗೆ, ಮಗುವನ್ನು ಕಟ್ಟಿಕೊಂಡು ಮಂಡ್ಯದ ತವರಿಗೆ ಬಂದ ದಿನವೇ ನೀವು ನಿಮ್ಮ ಬೀರುವಿನ ಎರಡು ಖಾನೆ ಖಾಲಿ ಮಾಡಿಕೊಟ್ಟಿರಿ. ಸ್ತ್ರೀಧನದ ಪಟ್ಟಿ ಬೇಕೆಂದು ವಕೀಲೆ ಕೇಳಿದಾಗ ನನಗೆ ಒಂದೂ ನೆನಪಾಗಲಿಲ್ಲ. ನೀವು ಮದುವೆಯ ಆಲ್ಬಮ್ ಬಿಚ್ಚಿ, ಒಂದೊಂದೇ ಚಿತ್ರದ ಮೇಲೆ ಬೆರಳಿಟ್ಟು, “ಇದು ಧಾರೆಯ ಹೊತ್ತಿನ ಎರಡೆಳೆ ಸರ, ಇದು ಸೋದರಮಾವ ಕೊಟ್ಟ ಓಲೆ, ಈ ಬಳೆ ಬೀಗರೂಟದ ದಿನದ್ದು” ಎಂದು ಬರೆಸಿದಿರಿ. ಸ್ತ್ರೀಧನ ಹೆಣ್ಣಿನದೇ ಎಂದು ಸುಪ್ರೀಂ ಕೋರ್ಟ್ ಹೇಳಿದೆ, ನಿಜ. ಆದರೆ ಏನೇನಿತ್ತೆಂದು ತೋರಿಸದೆ ಕೇಳುವುದು ಹೇಗೆ? ಆ ಪಟ್ಟಿಯಿಂದಲೇ ಒಡವೆಗಳು ಮರಳಿದವು.

ವಕೀಲರ ಶುಲ್ಕಕ್ಕೆ ಸಾಲ ಮಾಡಲು ಹೊರಟಿದ್ದ ಅಪ್ಪನನ್ನು ತಡೆದವರು ನಮ್ಮೂರಿನ ಅಂಗನವಾಡಿ ಶಿಕ್ಷಕಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ, 15100ಕ್ಕೆ ಫೋನ್ ಮಾಡಿ ಎಂದರು. ಈ ಸಂಖ್ಯೆ ಪ್ರತಿ ಊರಿನ ಹಾಲಿನ ಡೈರಿಯ ಗೋಡೆಯ ಮೇಲೂ ಇರಬೇಕು.

ಹಾಗೆ ಸಿಕ್ಕ ವಕೀಲೆಗೆ ಏನು ಹೇಳಲಿ! ಪರಸ್ಪರ ಒಪ್ಪಿಗೆಯ ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಅದನ್ನು ಮನ್ನಿಸಲು ಅವಕಾಶವಿದೆ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ, ಬೇಗ ಮುಗಿಸಿ ಎಂದು ನಾನು ಹಟ ಹಿಡಿದಿದ್ದೆ. “ಮಗುವಿನ ವಿಷಯ ಇತ್ಯರ್ಥವಾಗದೆ ಆ ಮಾತೇ ಬೇಡ” ಎಂದರು ಅವರು. ಆ ತಿಂಗಳುಗಳಲ್ಲೇ ಮಧ್ಯಸ್ಥಗಾರರ ಎದುರು ಎಲ್ಲವೂ ಬರವಣಿಗೆಗೆ ಬಂತು: ದಸರಾ ರಜೆ ಯಾರ ಮನೆಯಲ್ಲಿ, ಶಾಲೆಯ ಶುಲ್ಕ ಯಾರದು, ಜ್ವರ ಬಂದರೆ ಮೊದಲು ಯಾರಿಗೆ ಫೋನ್. ಇಂದು ಮಗುವಿನ ಅಪ್ಪನೂ ನಾನೂ ಜಗಳವಿಲ್ಲದೆ ಮಾತನಾಡುತ್ತಿದ್ದರೆ ಆ ಹಾಳೆಗಳೇ ಕಾರಣ.

ಅಪ್ಪಾ, “ಹೊಂದಿಕೊಂಡು ಹೋಗಲಿ” ಎಂದು ಜಗಲಿಗೆ ಬಂದ ಹಿರಿಯರಿಗೆ ಕಾಫಿ ಕೊಟ್ಟು, “ಅವಳು ಬಂದಿರುವುದು ಅವಳ ಮನೆಗೆ” ಎಂದಿರಿ. ಕಬ್ಬಿನ ಕಟಾವನ್ನೂ ಬಿಟ್ಟು ನನ್ನೊಡನೆ ರೈಲು ಹತ್ತಿದಿರಿ.

ಕೊನೆಗೆ, ಮಗಳ ಅಜ್ಜಿಗೆ. ನೀವು ನಿಮ್ಮ ಮಗನ ಪರ ನಿಂತಿರಿ, ಅದು ಸಹಜ. ಆದರೆ ಮಗುವಿನೆದುರು ನನ್ನ ಬಗ್ಗೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಅವಳ ಮಾತಿನಿಂದಲೇ ಅದು ನನಗೆ ಗೊತ್ತು. ಬರುವ ಯುಗಾದಿಗೆ ಅವಳು ನಿಮ್ಮಲ್ಲಿಗೇ ಬರುತ್ತಾಳೆ. ಕಾಯಿ ಒಬ್ಬಟ್ಟನ್ನೇ ಮಾಡಿ, ಬೇಳೆಯದನ್ನು ಅವಳು ಮುಟ್ಟುವುದಿಲ್ಲ.