ಆಡಿಯೋ ಪ್ಯಾನೆಲ್‌ನ ಹೊಸ ಮಾದರಿ: ಗ್ರಾಹಕರಿಗೆ ಪತ್ರ

ಶಿವಮೊಗ್ಗ

ಮಾನ್ಯ ಗ್ರಾಹಕರೇ,

ವಿಮಾನ ತರಬೇತಿ ಶಾಲೆಗಳಿಗೆ, ಪಾಲಿಟೆಕ್ನಿಕ್‌ಗಳಿಗೆ ಮತ್ತು ಮನೆಯಲ್ಲೇ ಸಿಮ್ಯುಲೇಟರ್ ಕಟ್ಟಿಕೊಂಡಿರುವ ಆಸಕ್ತರಿಗೆ ನಾವು ತಯಾರಿಸಿ ಕೊಡುತ್ತಿರುವ ಆಡಿಯೋ ಕಂಟ್ರೋಲ್ ಪ್ಯಾನೆಲ್, ಅಂದರೆ ಪೈಲಟ್ ಯಾವ ರೇಡಿಯೋದಲ್ಲಿ ಮಾತನಾಡಬೇಕು, ಯಾವುದನ್ನು ಕೇಳಬೇಕು ಎಂದು ಆರಿಸುವ ಫಲಕ, ಬರುವ ದಸರಾದಿಂದ ಬದಲಾಗುತ್ತದೆ. ಆಯ್ಕೆಗೆ ಒಂದು ನಾಬ್, ಸದ್ದಿಗೆ ಒಂದು ನಾಬ್ ಇದ್ದ ಹಳೆಯ ಮಾದರಿಯನ್ನು ಇನ್ನು ಮುಂದೆ ತಯಾರಿಸುವುದಿಲ್ಲ. ಹೊಸದರಲ್ಲಿ ಪ್ರತಿ ರೇಡಿಯೋಗೂ ಮಾತನಾಡುವ ಗುಂಡಿ ಬೇರೆ, ಕೇಳುವ ನಾಬ್ ಬೇರೆ. ಬೆಲೆಯೂ ಸ್ವಲ್ಪ ಏರುತ್ತದೆ. ಹಣ ಕೊಡುವವರು ನೀವು, ಆದ್ದರಿಂದ ಕಾರಣವನ್ನು ಬಿಡಿಸಿ ಹೇಳುತ್ತಿದ್ದೇವೆ.

ಪೈಲಟ್ ಒಂದು ಸಲಕ್ಕೆ ಮಾತನಾಡುವುದು ಒಂದು ಕಡೆಗೆ. ಕೇಳಿಸಿಕೊಳ್ಳುವುದು ನಾಲ್ಕಾರು ಕಡೆಯಿಂದ. ಆಡಿಯೋ ಪ್ಯಾನೆಲ್ ಹುಟ್ಟಿರುವುದೇ ಈ ಎರಡನ್ನು ಬೇರ್ಪಡಿಸುವುದಕ್ಕೆ. ಏರ್‌ಬಸ್ ಎ320ರ ಪ್ಯಾನೆಲ್ ನೋಡಿ. ವಿಎಚ್‌ಎಫ್ (ಹತ್ತಿರದ ರೇಡಿಯೋ), ಎಚ್‌ಎಫ್ (ದೂರದ ರೇಡಿಯೋ), ಇಂಟರ್‌ಫೋನ್, ಕ್ಯಾಬಿನ್ ಎಂದು ಗುಂಡಿಗಳಿರುತ್ತವೆ. ಒಂದನ್ನು ಒತ್ತಿದರೆ ಅದರ ಮೇಲೆ ಮೂರು ಹಸಿರು ಗೆರೆ ಬೆಳಗುತ್ತವೆ, ನಿಮ್ಮ ಮೈಕ್ ಅದಕ್ಕೆ ಸೇರಿತು ಎಂದರ್ಥ. ಇನ್ನೊಂದನ್ನು ಒತ್ತಿದ ಕೂಡಲೇ ಮೊದಲನೆಯದು ಆರುತ್ತದೆ. ಕೆಳಗಿನ ನಾಬ್‌ಗಳಿಗೆ ಈ ಕಟ್ಟುಪಾಡಿಲ್ಲ. ಒತ್ತಿದರೆ ಹೊರಚಿಮ್ಮಿ ಬೆಳಗುತ್ತವೆ, ತಿರುಗಿಸಿದರೆ ಸದ್ದು ಏರಿಳಿಯುತ್ತದೆ, ಬೇಕಾದಷ್ಟನ್ನು ಒಟ್ಟಿಗೆ ತೆರೆದಿಡಬಹುದು.

ಸಿಮ್ಯುಲೇಟರ್‌ನಲ್ಲಿ ವಿದ್ಯಾರ್ಥಿಯೊಬ್ಬ ಸೋಗಾನೆಯ, ಅಂದರೆ ಶಿವಮೊಗ್ಗ ವಿಮಾನ ನಿಲ್ದಾಣದ, ಕಡೆಗೆ ಇಳಿಯುತ್ತಿದ್ದಾನೆ ಎನ್ನಿ. ಮೊದಲ ರೇಡಿಯೋದಲ್ಲಿ ಟವರ್. ಎರಡನೆಯದರಲ್ಲಿ 121.5 ಮೆಗಾಹರ್ಟ್ಸ್, ಅಂದರೆ ತುರ್ತು ಫ್ರೀಕ್ವೆನ್ಸಿ, ಸಣ್ಣ ದನಿಯಲ್ಲಿ. ದಾರಿಯಲ್ಲಿ ವಿಮಾನಕ್ಕೆ ದಿಕ್ಕು ತಿಳಿಸುವ ಒಂದು ವಿಒಆರ್ ರೇಡಿಯೋ ಕೇಂದ್ರವನ್ನು ಹಿಡಿದಿದ್ದರೆ ಅದರ ಮೋರ್ಸ್ ಗುರುತು (ಚುಕ್ಕೆ-ಗೆರೆಯ ಸಂಕೇತ) 1020 ಹರ್ಟ್ಸ್ ನಾದದಲ್ಲಿ ಕಿವಿಗೆ ಬೀಳುತ್ತಿರುತ್ತದೆ. ಈ ಗುರುತನ್ನು ಕೇಳದೆ ದಿಕ್ಕು ತೋರುವ ಮುಳ್ಳನ್ನು ನಂಬಬಾರದು. ಕೇಂದ್ರದ ದುರಸ್ತಿ ನಡೆಯುವಾಗ ಗುರುತನ್ನು ತೆಗೆದಿರುತ್ತಾರೆ, ಮುಳ್ಳು ಮಾತ್ರ ಏನನ್ನೋ ತೋರಿಸುತ್ತಿರಬಹುದು. ಕೇಂದ್ರದಿಂದ ಮಾತು ಬರುತ್ತಿದ್ದರೆ ‘ವಾಯ್ಸ್’ ಗುಂಡಿ ಒತ್ತಬೇಕು. ಮೋರ್ಸ್ ಸದ್ದು ಸೋಸಿಹೋಗಿ ಮಾತು ಉಳಿಯುತ್ತದೆ. ಇಷ್ಟನ್ನೂ ಒಟ್ಟಿಗೆ ಕೇಳುತ್ತ, ತನ್ನ ವಿಮಾನದ ಕರೆಸಂಕೇತ ಬಂದೊಡನೆ ಅದನ್ನು ಹೆಕ್ಕಿಕೊಳ್ಳುವುದು ಅಭ್ಯಾಸದಿಂದಲೇ ಬರಬೇಕಾದ ವಿದ್ಯೆ. ಒಂದೇ ಮೂಲವನ್ನು ಕೇಳಿಸುವ ಪ್ಯಾನೆಲ್‌ನಿಂದ ಈ ಅಭ್ಯಾಸ ಆಗುವುದಿಲ್ಲ. ಮಾದರಿ ಬದಲಿಸಲು ಇದೇ ಮುಖ್ಯ ಕಾರಣ.

ಇನ್ನೊಂದು ಸೌಲಭ್ಯ ಸೇರಿಸಿದ್ದೇವೆ, ಶಿಕ್ಷಕರು ದಯವಿಟ್ಟು ಗಮನಿಸಬೇಕು. ವಿಮಾನಗಳ ವಿಎಚ್‌ಎಫ್ ರೇಡಿಯೋ ಇಂದಿಗೂ ಎಎಂ (ಧ್ವನಿಗೆ ತಕ್ಕಂತೆ ತರಂಗದ ಎತ್ತರ ಬದಲಾಗುವ) ಪದ್ಧತಿಯದು. ಒಂದೇ ಫ್ರೀಕ್ವೆನ್ಸಿಯಲ್ಲಿ ಇಬ್ಬರು ಒಟ್ಟಿಗೆ ಮಾತನಾಡಿದರೆ ಕೇಳುವವನಿಗೆ ಕೀರಲು ಸದ್ದು ಬರುತ್ತದೆ, ಎರಡೂ ಮಾತು ಕೆಡುತ್ತವೆ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಮಂಜು ಮುಸುಕಿದ ರನ್‌ವೇ ಮೇಲೆ ನಡೆದದ್ದು ಇದೇ. ತಡೆಯಿರಿ ಎಂದು ಟವರ್ ಹೇಳುತ್ತಿದ್ದ ಕ್ಷಣದಲ್ಲೇ ನಾವಿನ್ನೂ ರನ್‌ವೇ ಮೇಲಿದ್ದೇವೆ ಎಂದು ಪ್ಯಾನ್ ಆಮ್ ವಿಮಾನದವರೂ ಹೇಳಿದರು. ಓಡಲು ತೊಡಗಿದ್ದ ಕೆಎಲ್‌ಎಂ ವಿಮಾನದ ಕಾಕ್‌ಪಿಟ್‌ಗೆ ಎರಡೂ ಸ್ಪಷ್ಟವಾಗಿ ಮುಟ್ಟಲಿಲ್ಲ. ಎರಡು ವಿಮಾನಗಳೂ ಡಿಕ್ಕಿ ಹೊಡೆದು 583 ಜನ ಸತ್ತರು. ಆ ದುರಂತಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಆ ಕೀರಲು ಸದ್ದನ್ನು ಒಮ್ಮೆ ಕೇಳಿದ ವಿದ್ಯಾರ್ಥಿ ಮೈಕ್ ಒತ್ತುವ ಮುನ್ನ ಒಂದು ಕ್ಷಣ ಕಿವಿಗೊಡುತ್ತಾನೆ ಎಂಬುದು ನಮ್ಮ ನಂಬಿಕೆ. ಹೊಸ ಮಾದರಿಯ ಎರಡು ಪ್ಯಾನೆಲ್‌ಗಳನ್ನು ಜೋಡಿಸಿ ಇಬ್ಬರೂ ಒಟ್ಟಿಗೆ ಒತ್ತಿದರೆ, ಕೇಳುತ್ತಿರುವ ಶಿಕ್ಷಕರ ಹೆಡ್‌ಸೆಟ್‌ನಲ್ಲಿ ಅದೇ ಸದ್ದು ಬರುತ್ತದೆ. ತರಗತಿಯವರೆಲ್ಲ ಕೇಳಲೆಂದು ಸ್ಪೀಕರ್‌ಗೂ ಕೊಡಬಹುದು.

ಮೈಕ್ ಸ್ವಿಚ್‌ಗೆ ಮೂರು ಸ್ಥಾನ. ‘ಇಂಟ್’ ಕಡೆ ತಳ್ಳಿದರೆ ಅಲ್ಲೇ ನಿಲ್ಲುತ್ತದೆ, ಒಳಗಿನವರೊಡನೆ ಕೈ ಬಿಟ್ಟು ಮಾತನಾಡಬಹುದು. ‘ರ್‍ಯಾಡ್’ ಕಡೆ ಬೆರಳಿಟ್ಟು ಹಿಡಿದರೆ ಮಾತ್ರ ಪ್ರಸಾರ. ಬಿಟ್ಟೊಡನೆ ಸ್ಪ್ರಿಂಗ್ ನಡುವಿಗೆ ತರುತ್ತದೆ. ಒಬ್ಬನ ಮೈಕ್ ಸಿಕ್ಕಿಕೊಂಡರೆ ಇಡೀ ಫ್ರೀಕ್ವೆನ್ಸಿ ಮುಚ್ಚಿಹೋಗುವುದರಿಂದ ಈ ಸ್ಪ್ರಿಂಗ್ ವಿಷಯದಲ್ಲಿ ನಾವು ಕಾಸು ಉಳಿಸುವುದಿಲ್ಲ.

ದೊಡ್ಡ ವಿಮಾನದಲ್ಲಿ ಪ್ಯಾನೆಲ್ ಕೇವಲ ಆದೇಶ ಕಳುಹಿಸುತ್ತದೆ. ಧ್ವನಿಯನ್ನು ಕೂಡಿಸಿ ಹಂಚುವುದು ಬೇರೆಡೆ ಕುಳಿತ ಆಡಿಯೋ ಮ್ಯಾನೇಜ್‌ಮೆಂಟ್ ಯೂನಿಟ್. ನಾವೂ ಈಗ ಅದೇ ಕ್ರಮ ಹಿಡಿದು, ಧ್ವನಿಯ ಭಾಗವನ್ನು ಮುಚ್ಚಿದ ಪ್ರತ್ಯೇಕ ಪೆಟ್ಟಿಗೆಗೆ ಹಾಕಿದ್ದೇವೆ. ಮಲೆನಾಡಿನವರಿಗೆ ಇದರ ಬೆಲೆ ಗೊತ್ತು. ಆಷಾಢದ ಥಂಡಿಯಲ್ಲಿ ಗೋಡೆಯೇ ಬೆವರುವಾಗ, ಧ್ವನಿ ನೇರವಾಗಿ ಹಾಯುವ ನಾಬ್ ತಿರುಗಿಸಿದರೆ ಕರಕರ ಎನ್ನುತ್ತದೆ.

ಸಣ್ಣ ವಿಮಾನದ ಮಾದರಿ ಬೇಕೆನ್ನುವವರಿಗೆ ಅದೂ ಸಿಗುತ್ತದೆ. ಅದರಲ್ಲಿ, ಇಳಿಯುವಾಗ ರನ್‌ವೇ ಎಷ್ಟು ದೂರವಿದೆ ಎಂದು ಸೂಚಿಸುವ ಮಾರ್ಕರ್ ಬೀಕನ್‌ನ ನೀಲಿ, ಹಳದಿ, ಬಿಳಿ ದೀಪಗಳೂ ಅವುಗಳ 400, 1300, 3000 ಹರ್ಟ್ಸ್ ನಾದಗಳೂ ಇವೆ. ಪ್ಯಾನೆಲ್‌ನ ವಿದ್ಯುತ್ ಕಡಿತವಾದರೆ ಪೈಲಟ್‌ನ ಹೆಡ್‌ಸೆಟ್ ಮೊದಲ ರೇಡಿಯೋಗೆ ನೇರವಾಗಿ ಸೇರಿಕೊಳ್ಳುವ ವ್ಯವಸ್ಥೆಯನ್ನೂ ನಿಜವಾದ ಪ್ಯಾನೆಲ್‌ಗಳಲ್ಲಿರುವಂತೆಯೇ ಇಟ್ಟಿದ್ದೇವೆ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ಬೆಲೆಯಲ್ಲೇ ಹೊಸ ಪ್ಯಾನೆಲ್ ಬರುತ್ತದೆ. ಹಳೆಯ ಪ್ಯಾನೆಲ್ ಇರುವವರು ಅದನ್ನೇ ಬಳಸಬಹುದು, ಬಿಡಿಭಾಗ ಕೊಡುತ್ತಲೇ ಇರುತ್ತೇವೆ. ಬದಲಿಸಬೇಕೆನ್ನುವವರು ತಂದುಕೊಟ್ಟರೆ ಸ್ಥಿತಿ ನೋಡಿ ಬೆಲೆಯಲ್ಲಿ ಕಡಿತ ಮಾಡುತ್ತೇವೆ. ವಿಮಾನದ ಹೆಡ್‌ಸೆಟ್‌ನ ಎರಡು ಪ್ಲಗ್‌ಗಳಲ್ಲಿ ಮೈಕ್‌ನದು ತೆಳ್ಳಗೆ, ಕೇಳುವುದರದು ದಪ್ಪ. ಎರಡಕ್ಕೂ ಸರಿಹೊಂದುವ ಸಾಕೆಟ್ ಇದೆ. ಕಂಪ್ಯೂಟರ್ ಹೆಡ್‌ಸೆಟ್ ಬಳಸುವವರು ಆರ್ಡರ್ ಕೊಡುವಾಗಲೇ ತಿಳಿಸಿ. ಇದು ಕಲಿಕೆಯ ಉಪಕರಣ. ಹಾರುವ ವಿಮಾನದಲ್ಲಿ ಅಳವಡಿಸಲು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಅನುಮೋದಿಸಿದ ಉಪಕರಣವೇ ಬೇಕು, ಆ ಕೆಲಸಕ್ಕೆ ನಮ್ಮದನ್ನು ಯಾರೂ ಕೇಳಬಾರದೆಂದು ವಿನಂತಿ.

ಮಳೆಗಾಲ ಮುಗಿಯುವವರೆಗೆ ಘಟ್ಟದ ಕೆಳಗಿನ ಊರುಗಳಿಗೆ ಪಾರ್ಸೆಲ್ ತಲುಪುವುದು ತಡವಾಗಬಹುದು. ಶಿವಮೊಗ್ಗಕ್ಕೆ ಬರುವವರು ಕಾರ್ಯಾಗಾರದಲ್ಲೇ ಹೆಡ್‌ಸೆಟ್ ಹಾಕಿ ನೋಡಿ, ಪರೀಕ್ಷಿಸಿ ಒಯ್ಯಬಹುದು.

ಇಂತಿ ನಿಮ್ಮ ವಿಶ್ವಾಸಿಗಳು,
ಕಾರ್ಯಾಗಾರದ ಪಾಲುದಾರರು