ಈ ಸೆಮಿಸ್ಟರ್ ಮನೆಗೆ ಮಾಡೆಲ್ ಬರುವುದಿಲ್ಲ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಮೂರನೇ ವರ್ಷದ ಸ್ಟುಡಿಯೊ, ಅಂದರೆ ವಿನ್ಯಾಸ ಮಾಡಿ ಕಲಿಯುವ ತರಗತಿಯ ಕೆಲಸದ ಬಗ್ಗೆ ನಿಮ್ಮಲ್ಲಿ ಹಲವರು ಫೋನ್ ಮಾಡಿದ್ದೀರಿ. ಒಬ್ಬ ತಂದೆಯಂತೂ ನೇರವಾಗಿಯೇ ಕೇಳಿದರು: "ಮಗಳು ಆರ್ಕಿಟೆಕ್ಟ್ ಆಗಲಿ ಅಂತ ಸೇರಿಸಿದೆ. ಅವಳು ನೋಡಿದರೆ ಮೂರು ವಾರದಿಂದ ಸಾರ್ವಜನಿಕ ಶೌಚಾಲಯದ ಎದುರು ಕೂತು ಜನರನ್ನು ಎಣಿಸುತ್ತಿದ್ದಾಳೆ. ಇದು ಯಾವ ಓದು ಸ್ವಾಮಿ?" ಪ್ರಶ್ನೆ ನ್ಯಾಯವಾದದ್ದೇ. ಅವರ ಒಪ್ಪಿಗೆ ಪಡೆದು ಅದನ್ನೇ ಇಟ್ಟುಕೊಂಡು ಎಲ್ಲರಿಗೂ ಬರೆಯುತ್ತಿದ್ದೇನೆ.

ಆ ಶೌಚಾಲಯದ ಪ್ಲಾನ್ ಕಾಗದದ ಮೇಲೆ ಬಹಳ ಅಚ್ಚುಕಟ್ಟು. ನಡುವೆ ಒಂದು ಗೋಡೆ, ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು, ಎರಡೂ ಕಡೆ ಸಮಸಮ ಜಾಗ. ಆದರೆ ಗಂಡಸರು ನಿಂತು ಬಳಸುವ ಮೂತ್ರಿಗೆ ಬೇಕಾಗುವ ಜಾಗ ಕಮ್ಮಿ. ಹಾಗಾಗಿ ಅಷ್ಟೇ ಅಳತೆಯ ಕೋಣೆಯಲ್ಲಿ ಒಂದೇ ಸಲಕ್ಕೆ ಗಂಡಸರು ಹೆಚ್ಚು ಮಂದಿ ಹಿಡಿಸುತ್ತಾರೆ. ಹೆಂಗಸರಿಗೆ ಹೊತ್ತು ಹೆಚ್ಚು ಬೇಕು. ಜೊತೆಗೆ ಮಗು ಇರುತ್ತದೆ, ಮುಟ್ಟಿನ ದಿನಗಳಿರುತ್ತವೆ. ಸಾಲು ಯಾವಾಗಲೂ ಬಲಗಡೆಯೇ. ನ್ಯಾಯವಾಗಿ ಹಂಚಿದಂತೆ ಕಾಣುವ ಆ ಗೋಡೆಯೇ ಸಾಲನ್ನು ಹುಟ್ಟಿಸುತ್ತಿದೆ ಎಂಬುದು ಆ ತಂದೆಯ ಮಗಳಿಗೆ ಮೂರನೆಯ ದಿನ ಹೊಳೆಯಿತು. ನಾನು ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರೆ ನೋಟ್ಸ್‌ನಲ್ಲಿ ಒಂದು ಸಾಲಾಗಿ ಉಳಿಯುತ್ತಿತ್ತು, ಅಷ್ಟೆ.

ಆಮೇಲೆ ಅವಳು ಮಾತಾಡಿಸಲು ಶುರು ಮಾಡಿದಳು. ಒಬ್ಬಾಕೆ ಕೇಳಿದ್ದು ಚೀಲ ನೇತುಹಾಕಲು ಒಂದು ಕೊಕ್ಕೆ. ನೆಲ ಒದ್ದೆ, ಕೈಯಲ್ಲಿ ಸಾಮಾನು, ಇಡುವುದೆಲ್ಲಿ? ಇನ್ನೊಬ್ಬರು ಕೇಳಿದ್ದು ದೀಪ, ಅದೂ ಒಳಗಲ್ಲ, ರಸ್ತೆಯಿಂದ ಬಾಗಿಲವರೆಗಿನ ಹಾದಿಗೆ. ಸಂಜೆಯಾದ ಮೇಲೆ ಆ ಹಾದಿಗೆ ಹೆದರಿ ನೀರು ಕುಡಿಯುವುದನ್ನೇ ಕಮ್ಮಿ ಮಾಡುವವರಿದ್ದಾರೆ. ಶುಚಿ ಮಾಡುವ ಕೆಲಸಗಾರ್ತಿಗೆ ಪೊರಕೆ, ಬಕೆಟ್ ಇಡಲು ಒಂದು ಮೂಲೆಯೂ ಇರಲಿಲ್ಲ. ನಮ್ಮ ಪಠ್ಯಕ್ರಮದಲ್ಲಿ ಕೊಕ್ಕೆಗೆ ಅಧ್ಯಾಯವಿಲ್ಲ. ಇರಬೇಕಿತ್ತು ಎಂದು ನನಗೀಗ ಅನ್ನಿಸುತ್ತಿದೆ.

ಬಳಸುವವರ ದಿನಚರಿ ತಿಳಿಯದೆ ಗೆರೆ ಎಳೆದರೆ ದೊಡ್ಡವರೂ ಎಡವುತ್ತಾರೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1950ರ ದಶಕದಲ್ಲಿ ಪ್ರೂಯಿಟ್-ಐಗೊ ಎಂಬ ವಸತಿ ಸಮುಚ್ಚಯ ಎದ್ದಿತು. 11 ಅಂತಸ್ತಿನ 33 ಕಟ್ಟಡಗಳು. ಲಿಫ್ಟ್ ಪ್ರತಿ ಮಹಡಿಯಲ್ಲೂ ನಿಲ್ಲದೆ ಮೂರು ಮಹಡಿಗೊಮ್ಮೆ ನಿಲ್ಲುತ್ತಿತ್ತು. ಅಲ್ಲಿಯ ಉದ್ದನೆಯ ಪಡಸಾಲೆಯಲ್ಲಿ ನೆರೆಹೊರೆಯವರು ಕಲೆಯುತ್ತಾರೆ ಎಂಬುದು ಲೆಕ್ಕ. ಕಡೆಗೆ ಆ ಪಡಸಾಲೆ, ಮೆಟ್ಟಿಲುಗಳೇ ಜನ ಹೆದರುವ ಜಾಗಗಳಾದವು. 1972ರಲ್ಲಿ ಕೆಡವಲು ಆರಂಭಿಸಿದರು. ತಪ್ಪೆಲ್ಲ ವಿನ್ಯಾಸದ್ದೇ ಎನ್ನುವುದು ಸರಿಯಲ್ಲ. ದುರಸ್ತಿಗೆ ದುಡ್ಡಿರಲಿಲ್ಲ, ನಗರ ಜನರನ್ನೂ ಕೆಲಸಗಳನ್ನೂ ಕಳೆದುಕೊಳ್ಳುತ್ತಿತ್ತು. ಆದರೂ ನಮ್ಮ ಪಾಲಿನ ತಪ್ಪನ್ನು ನಾವು ಒಪ್ಪಿಕೊಳ್ಳಬೇಕಲ್ಲ.

ಹೀಗೆ ವಿದ್ಯಾರ್ಥಿಗಳನ್ನು ಹೊರಗೆ ಕಳಿಸುವುದು ನಮ್ಮ ಹೊಸ ಹುಚ್ಚೇನೂ ಅಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1967ರಿಂದ ಆರ್ಕಿಟೆಕ್ಚರ್ ಸ್ನಾತಕೋತ್ತರ ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ಒಂದು ಕಟ್ಟಡವನ್ನು ತಾವೇ ವಿನ್ಯಾಸ ಮಾಡಿ ತಾವೇ ಕಟ್ಟುತ್ತಾರೆ. ಅಲ್ಲಿಯದೇ ಆಬರ್ನ್ ವಿಶ್ವವಿದ್ಯಾಲಯದ 'ರೂರಲ್ ಸ್ಟುಡಿಯೊ' 1993ರಿಂದ ಬಡ ಕುಟುಂಬಗಳಿಗೆ ಮನೆ ಕಟ್ಟುತ್ತಿದೆ. ಅದು ಹಳ್ಳಿಗಾಡಿನ ಕೆಲಸ, ನಮ್ಮದು ನಗರದ್ದು. ಆದರೂ ಮೊದಲು ಆ ಮನೆಯವರನ್ನು ಕೇಳು ಎಂಬ ಪಾಠ ಒಂದೇ.

ಈ ವರ್ಷ ಸ್ಟುಡಿಯೊ ಗೋಡೆಯ ಮೇಲೆ ಎರಡು ಯೋಜನೆಗಳ ನಕ್ಷೆಗಳನ್ನು ಅಂಟಿಸಿದ್ದೇವೆ. ಇಂದೋರ್‌ನಲ್ಲಿ ಆರ್ಕಿಟೆಕ್ಟ್ ಬಾಲಕೃಷ್ಣ ದೋಶಿಯವರು ರೂಪಿಸಿದ 'ಅರಣ್ಯ' ಎಂಬ ಬಡಾವಣೆ ಒಂದು. ಅಲ್ಲಿ ತೀರಾ ಬಡವರಿಗೆ ಸಿಕ್ಕಿದ್ದು ನಿವೇಶನ, ಅಡಿಪಾಯ, ನೀರು ಮತ್ತು ಶೌಚದ ವ್ಯವಸ್ಥೆ. ಮಿಕ್ಕಿದ್ದನ್ನು ಕೈಯಲ್ಲಿ ಕಾಸಿದ್ದಾಗ ಅವರೇ ಕಟ್ಟಿಕೊಂಡರು. ಇನ್ನೊಂದು ಚಿಲಿ ದೇಶದ ಇಕೀಕೆ ನಗರದ ಕಿಂತಾ ಮೊನ್ರೊಯ್ ಎಂಬ ವಸತಿ ಯೋಜನೆ. ಸರ್ಕಾರದ ಸಹಾಯಧನದಲ್ಲಿ ಪೂರ್ತಿ ಮನೆ ಆಗದು, ಆಗಬೇಕೆಂದರೆ ಊರಾಚೆಯ ಅಗ್ಗದ ಜಾಗಕ್ಕೆ ಹೋಗಬೇಕು. ಆರ್ಕಿಟೆಕ್ಟ್ ಅಲೆಹಾಂದ್ರೊ ಅರವೇನಾ ಅವರ ತಂಡ ಸುಮಾರು 100 ಕುಟುಂಬಗಳನ್ನು ಅವರಿದ್ದ ಜಾಗದಲ್ಲೇ ಉಳಿಸಿ, ಒಳ್ಳೆಯ ಮನೆಯ ಅರ್ಧವನ್ನಷ್ಟೇ ಕಟ್ಟಿ, ಪಕ್ಕದಲ್ಲಿ ಬೆಳೆಯಲು ಖಾಲಿ ಜಾಗ ಬಿಟ್ಟಿತು. ಅರವೇನಾಗೆ 2016ರಲ್ಲಿ, ದೋಶಿಯವರಿಗೆ 2018ರಲ್ಲಿ ಆರ್ಕಿಟೆಕ್ಚರ್‌ನ ಬಹು ದೊಡ್ಡ ಗೌರವವಾದ ಪ್ರಿಟ್ಸ್‌ಕರ್ ಪ್ರಶಸ್ತಿ ಬಂತು. ಪ್ರಶಸ್ತಿಯ ಮಾತು ತೆಗೆದದ್ದು "ಇದರಿಂದ ಮುಂದೆ ಏನು ಸಿಗುತ್ತದೆ" ಎಂದು ಕೇಳಿದ ಪೋಷಕರಿಗಾಗಿ. ಮಕ್ಕಳಿಗೆ ತೋರಿಸುವುದು ಆ ಖಾಲಿ ಜಾಗವನ್ನು.

ಈಗ ನಮ್ಮದೇ ಒಂದು ತಪ್ಪು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಬ್ಯಾಚ್ ಬೀದಿ ವ್ಯಾಪಾರಿಗಳಿಗಾಗಿ ನೆರಳಿನ ಚಾವಣಿ ವಿನ್ಯಾಸ ಮಾಡಿತು. ನಕ್ಷೆಯ ಶೀಟುಗಳು ನಿಜಕ್ಕೂ ಚೆನ್ನಾಗಿದ್ದವು, ಜ್ಯೂರಿಯವರು, ಅಂದರೆ ಕೆಲಸ ನೋಡಿ ಅಂಕ ಕೊಡುವ ಪರೀಕ್ಷಕರು, ಹೊಗಳಿದರು, ಅಂಕ ಬಿತ್ತು, ಸೆಮಿಸ್ಟರ್ ಮುಗಿಯಿತು. ಮಕ್ಕಳು ಉತ್ಸಾಹದಲ್ಲಿ "ಆಗುತ್ತೆ" ಎಂದು ಹೇಳಿಬಂದಿದ್ದರು. ಎರಡು ವರ್ಷದ ನಂತರ ನಾನು ಆ ದಾರಿಯಲ್ಲಿ ಹೋದಾಗ ಒಬ್ಬ ಅಜ್ಜಿ ಗುರುತು ಹಿಡಿದು ಕೇಳಿದರು: "ಚಾವಣಿ ಯಾವಾಗ ಹಾಕ್ತೀರಪ್ಪ?" ನನ್ನ ಬಾಯಲ್ಲಿ ಮಾತು ಹೊರಡಲಿಲ್ಲ. ಮಕ್ಕಳನ್ನು ಬೈಯುವಂತಿರಲಿಲ್ಲ. ಹೋಗಿ ಬನ್ನಿ ಎಂದು ಕಳಿಸಿದ್ದ ನಾನು ಏನು ಹೇಳಬಾರದು ಎಂಬುದನ್ನು ಕಲಿಸಿರಲಿಲ್ಲ.

ಅಂದಿನಿಂದ ಕಟ್ಟುನಿಟ್ಟು. "ಕಟ್ಟಿಸಿಕೊಡುತ್ತೇವೆ" ಎಂಬ ಪದ ಯಾರ ಬಾಯಲ್ಲೂ ಬರಕೂಡದು. ನಾವು ಕಲಿಯಲು ಬಂದವರು ಎಂದು ಮೊದಲ ದಿನವೇ ಹೇಳಬೇಕು. ಕೇಳದೆ ಫೋಟೊ ತೆಗೆಯುವಂತಿಲ್ಲ, ಶೀಟಿನ ಮೇಲೆ ಯಾರ ಮುಖವೂ ಇರುವಂತಿಲ್ಲ. ಮುಖ್ಯವಾಗಿ, ಬರೆದ ಪ್ಲಾನನ್ನು ಅವರ ಮುಂದೆ ಬಿಡಿಸಿಟ್ಟು ಬೈಸಿಕೊಂಡು ಬರಬೇಕು, ಕನಿಷ್ಠ ಎರಡು ಸಲ. ನೂರರಲ್ಲಿ 40 ಅಂಕ ಆ ತಿದ್ದುಪಡಿಗಳಿಗೇ ಇವೆ. ಹಳೆಯ ಪ್ಲಾನ್‌ಗಳನ್ನು ಹರಿದುಹಾಕದೆ ಒಪ್ಪಿಸಬೇಕು. ಮನೆಯಲ್ಲಿ ಗೀಚಿದ ಹಾಳೆಗಳ ರಾಶಿ ಕಂಡರೆ ದಯವಿಟ್ಟು ಎಸೆಯಬೇಡಿ.

ಕೈಯಲ್ಲಾಗುವ ಸಣ್ಣದನ್ನು ಮಾತ್ರ ಕಟ್ಟುತ್ತೇವೆ. ಕಳೆದ ವರ್ಷ ಒಂದು ಆರೋಗ್ಯ ಕೇಂದ್ರದ ಬಾಗಿಲಿಗೆ ಇಳಿಜಾರು ಹಾದಿ ಮಾಡಿದೆವು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕೆಂಬುದು ನಿಯಮ. ಮಕ್ಕಳಿಗೆ ಅದು ಬಾಯಿಪಾಠ, ಆದರೆ ಜಾಗ ಸಾಲದೆ ಮೂರು ಸಲ ತಿರುವು ಬದಲಿಸಿದ ಮೇಲೆಯೇ ಅರ್ಥವಾದದ್ದು.

ಸುರಕ್ಷತೆಯ ಬಗ್ಗೆ: ನಾಲ್ವರ ಗುಂಪು, ಜೊತೆಗೊಬ್ಬರು ಅಧ್ಯಾಪಕರು, ಬೆಳಕಿರುವಾಗಲೇ ವಾಪಸ್. ಕತ್ತಲಾದ ಮೇಲಿನ ಎಣಿಕೆ ಅಧ್ಯಾಪಕರದು. ಗಟ್ಟಿ ಚಪ್ಪಲಿ ಅಥವಾ ಶೂ, ಟೋಪಿ, ನೀರಿನ ಬಾಟಲಿ ಇರಲಿ. ಫೋಮ್ ಬೋರ್ಡ್ ಮಾಡೆಲ್‌ಗೆಂದು ದುಡ್ಡು ಕೇಳಿದರೆ ಕೊಡಬೇಡಿ, ಈ ಸಲ ಅದು ಬೇಕಾಗಿಲ್ಲ.

ಕೊನೆಯ ಜ್ಯೂರಿ ಕಾಲೇಜಿನಲ್ಲಿ ನಡೆಯುವುದಿಲ್ಲ, ಮಕ್ಕಳು ಕೆಲಸ ಮಾಡುತ್ತಿರುವ ಬಡಾವಣೆಯ ಸಮುದಾಯ ಭವನದಲ್ಲೇ ನಡೆಯುತ್ತದೆ. ನೀವೂ ಬನ್ನಿ, ಹಿಂದಿನ ಸಾಲಿನಲ್ಲಿ ಕೂರೋಣ. ಮಾತಾಡುವ ಸರದಿ ಮೊದಲು ಅಲ್ಲಿಯವರದು, ಆಮೇಲೆ ಪರೀಕ್ಷಕರದು.

ಫೋನ್ ಮಾಡಿದ ತಂದೆಯವರಿಗೆ ಒಂದು ಮಾತು: ಮಗಳು ನಿನ್ನೆ ನಾಲ್ಕನೆಯ ಪ್ಲಾನ್ ತಂದಿದ್ದಳು. ನಡುವಿನ ಗೋಡೆ ಎಡಕ್ಕೆ ಸರಿದಿದೆ, ಪೊರಕೆಗೆ ಮೂಲೆ ಸಿಕ್ಕಿದೆ, ಕೊಕ್ಕೆಯೂ ಬಂದಿದೆ. ಹಾದಿಯ ದೀಪ ಮಾತ್ರ ಇನ್ನೂ ಬಂದಿಲ್ಲ. ವಾಪಸ್ ಕಳಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಪ್ರಾಂಶುಪಾಲರು